ಮನೆವಾರ್ತೆ: ಬಿಲೇಶಯನಿಗೊಂದು ಬಿಲ

ಜಯನಗರದ ಗೃಹಸ್ಥರೊಬ್ಬರು ನಮಗೆ ಕಾಗದ ಬರೆದು, ತಮ್ಮ ಚಿರಂಜೀವಿಯು ಹಾವೊಂದನ್ನು ಸಾಕಬೇಕೆಂದು ಹಟ ಹಿಡಿದಿರುವನೆಂದೂ, ಅದಕ್ಕೆ ಎಂತಹ ಪೆಟ್ಟಿಗೆಯನ್ನು ಮಾಡಿಸಬೇಕು, ಎಲ್ಲಿ ಇಡಬೇಕು, ಏನನ್ನು ತಿನ್ನಲು ಕೊಡಬೇಕು ಎಂಬುದನ್ನು ಈ ಪುಟಗಳಲ್ಲಿ ತಿಳಿಸಬೇಕೆಂದೂ ಕೇಳಿದ್ದಾರೆ. ಮನೆಯಲ್ಲಿ ವೃದ್ಧರಾದ ಮಾತೃಶ್ರೀಯವರು ಪ್ರತಿ ನಾಗರಪಂಚಮಿಗೂ ಅಶ್ವತ್ಥಕಟ್ಟೆಗೆ ಹೋಗಿ ನಾಗರಕಲ್ಲಿಗೆ ತನಿ ಎರೆದು ಬರತಕ್ಕವರಂತೆ. ಕಟ್ಟೆಯ ಮೇಲೆ ಪೂಜೆಗೊಳ್ಳುವುದು ನಡುಮನೆಗೇ ಬರುವುದೆಂದು ಕೇಳಿ, ಅವರು ಹೌದೆನ್ನಲಾರದೆ ಬೇಡವೆನ್ನಲಾರದೆ ಕುಳಿತಿದ್ದಾರೆಂದು ಕಾಗದದಲ್ಲಿ ಬರೆದಿದೆ.

ಈ ಪುಟಗಳಲ್ಲಿ ಹಾವಿನ ವಿಷಯ ಬರೆಯಬೇಕಾದೀತೆಂದು ನಾವು ಎಣಿಸಿದ್ದಿಲ್ಲ. ಆದರೆ ಕೇಳಿದ ಪ್ರಶ್ನೆ ನ್ಯಾಯವಾದುದು. ಪ್ರಾಣಿಯನ್ನು ತಂದ ಮೇಲೆ ಅದಕ್ಕೆ ಸ್ಥಳವನ್ನು ಹುಡುಕುವವರೇ ಹೆಚ್ಚು. ಸ್ಥಳವನ್ನು ಅಣಿಮಾಡಿ ಆಮೇಲೆ ಪ್ರಾಣಿಯನ್ನು ತರುವೆವೆನ್ನುವವರು ವಿರಳ. ಆದಕಾರಣ ನಾವು ತಿಳಿದುಕೊಂಡಷ್ಟನ್ನು ಬರೆಯುತ್ತೇವೆ.

ಮೊದಲು ಹಾವು ಯಾವುದೆಂಬುದು ಇತ್ಯರ್ಥವಾಗಬೇಕು. ಬನಶಂಕರಿಯ ಕಡೆಯ ಖಾಲಿ ನಿವೇಶನಗಳಲ್ಲಿ, ಜೆ. ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ದಂಡೆಯಲ್ಲಿ, ಮಡಿವಾಳ ಕೆರೆಗೆ ಹತ್ತಿದ ಬಿ. ಟಿ. ಎಂ. ಬಡಾವಣೆಯ ಕೈತೋಟಗಳಲ್ಲಿ ಕೇರೆಯೂ ನೀರುಹಾವೂ ನಾಗರವೂ ಇಂದಿಗೂ ಕಾಣಸಿಗುತ್ತವೆ. ಬಡಾವಣೆಗಳು ಹುಟ್ಟುವುದಕ್ಕೆ ಮುಂಚೆ ಅವೇ ಇಲ್ಲಿಯ ಒಕ್ಕಲು; ನಾವು ಆಮೇಲೆ ಬಂದವರು. ಅವುಗಳ ಪೈಕಿ ಯಾವುದನ್ನೂ, ಮರಿಯಾದರೂ ಸರಿಯೆ, ವಿಷವಿಲ್ಲದ್ದಾದರೂ ಸರಿಯೆ, ಹಿಡಿದು ಮನೆಯಲ್ಲಿಟ್ಟುಕೊಳ್ಳಕೂಡದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಅಪರಾಧ. ಹಿಡಿದವನಿಗೂ ಶಿಕ್ಷೆ, ಕೊಂಡವನಿಗೂ ಶಿಕ್ಷೆ. ‘ಎರಡು ತಲೆ ಹಾವು’ ಎಂದು ಜನರು ಕರೆಯುವ ಮಣ್ಣುಮುಕ್ಕ ಹಾವಿನ ಸಂಗತಿಯನ್ನು ಇಲ್ಲಿ ವಿಶೇಷವಾಗಿ ಹೇಳಬೇಕಾಗಿದೆ. ಅದಕ್ಕಿರುವುದು ಒಂದೇ ತಲೆ. ಬಾಲವು ಮೊಂಡಾಗಿರುವುದರಿಂದ ಎರಡನೆಯ ತಲೆಯಂತೆ ತೋರುತ್ತದೆ, ಅಷ್ಟೆ. ಮನೆಯಲ್ಲಿದ್ದರೆ ಐಶ್ವರ್ಯ ಬರುವುದೆಂದು ನಂಬಿಸಿ ಅದನ್ನು ಲಕ್ಷಗಟ್ಟಲೆ ಹಣಕ್ಕೆ ಮಾರುವ ಠಕ್ಕರು ನಮ್ಮ ನಗರದಲ್ಲಿ ಹಲವು ಸಲ ಸಿಕ್ಕಿಬಿದ್ದಿದ್ದಾರೆ. ಐಶ್ವರ್ಯ ಬರುವುದು ಮಾರುವವನಿಗೆ; ಕೊಂಡವನಿಗೆ ಬರುವುದು ಮೊಕದ್ದಮೆ.

ಹಾಗಾದರೆ ಉಳಿದದ್ದು ಪರದೇಶದ ಹಾವು. ನಮ್ಮ ಗೃಹಸ್ಥರ ಮಗನು ಬಯಸಿರುವುದು ‘ಬಾಲ್ ಪೈಥಾನ್’ ಎಂಬುದನ್ನು. ಇದು ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಹುಲ್ಲುಗಾವಲುಗಳ ಸಣ್ಣ ಜಾತಿಯ ಹೆಬ್ಬಾವು, ವಿಷವಿಲ್ಲದ್ದು, ಪೂರ್ಣವಾಗಿ ಬೆಳೆದರೂ ಸಾಮಾನ್ಯವಾಗಿ ಮೂರರಿಂದ ಐದು ಅಡಿ. ಹೆದರಿದಾಗ ತಲೆಯನ್ನು ನಡುವೆ ಹುದುಗಿಸಿ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಆ ಹೆಸರು ಬಂದಿತು. ನಾವು ಇದನ್ನು ಉಂಡೆಹೆಬ್ಬಾವು ಎಂದು ಕರೆಯೋಣ. ಇದನ್ನು ಸಾಕುವುದಕ್ಕೆ ನಿಷೇಧವಿಲ್ಲ. ಆದರೆ ಅಂಗಡಿಯಿಂದ ತೆಂಗಿನಕಾಯಿ ತಂದಂತೆ ತರುವ ಹಾಗೂ ಇಲ್ಲ. ಹೆಬ್ಬಾವುಗಳ ವ್ಯಾಪಾರವು ‘ಸೈಟೀಸ್’ ಎಂಬ ಅಂತರರಾಷ್ಟ್ರೀಯ ಒಡಂಬಡಿಕೆಗೆ ಒಳಪಟ್ಟಿದೆ. ನಮ್ಮ ಕಾಯಿದೆಗೆ ೨೦೨೨ರಲ್ಲಿ ಆದ ತಿದ್ದುಪಡಿಯು ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಅದರ ಮೇಲಿನ ನಿಯಮಗಳು ೨೦೨೪ರಲ್ಲಿ ಹೊರಟವು. ಅವುಗಳ ಪ್ರಕಾರ ಇಂತಹ ಪ್ರಾಣಿಯನ್ನು ಇಟ್ಟುಕೊಂಡವರು ‘ಪರಿವೇಶ್’ ಎಂಬ ಸರಕಾರದ ವ್ಯವಸ್ಥೆಯ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಲ್ಲಿ ಅದನ್ನು ನೋಂದಾಯಿಸತಕ್ಕದ್ದು. ಮಾರುವವನಲ್ಲಿ ಹಾವಿನ ಪೂರ್ವೋತ್ತರವನ್ನು ತೋರಿಸುವ ಪತ್ರಗಳಿಲ್ಲದಿದ್ದರೆ ಅದನ್ನು ಕೊಳ್ಳಕೂಡದು.

ಪತ್ರಗಳ ಮೇಲೆ ಇಷ್ಟೇಕೆ ಹಟವೆಂದು ವಾಚಕರು ಕೇಳಬಹುದು. ೨೦೨೩ರ ಸೆಪ್ಟೆಂಬರಿನಲ್ಲಿ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕಿನಿಂದ ಬಂದು ವಾರಸುದಾರರಿಲ್ಲದೆ ಬಿದ್ದಿದ್ದ ಪೆಟ್ಟಿಗೆಗಳನ್ನು ಸುಂಕದ ಅಧಿಕಾರಿಗಳು ತೆರೆದಾಗ ೫೫ ಉಂಡೆಹೆಬ್ಬಾವುಗಳೂ ೧೭ ಕಾಳಿಂಗಸರ್ಪಗಳೂ ಸಿಕ್ಕವು. ಜೊತೆಯಲ್ಲಿದ್ದ ೬ ಕ್ಯಾಪುಚಿನ್ ಕೋತಿಗಳು ಸತ್ತಿದ್ದವು. ೨೦೨೪ರ ಏಪ್ರಿಲಿನಲ್ಲಿ ಅದೇ ನಿಲ್ದಾಣದಲ್ಲಿ ಪ್ರಯಾಣಿಕನೊಬ್ಬನ ಸಾಮಾನಿನೊಳಗೆ ೧೦ ಹಳದಿ ಅನಕೊಂಡಗಳು ಸಿಕ್ಕವು. ಬಟ್ಟೆಬರೆಯ ನಡುವೆ ಉಸಿರುಕಟ್ಟಿ ಬರುವ ಈ ಮರಿಗಳು ಯಾರಿಗಾಗಿ ಬರುತ್ತವೆ? ಕೊಳ್ಳುವವರಿಗಾಗಿ ತಾನೆ? ಚೌಕಾಶಿಮಾಡಿ ಪತ್ರವಿಲ್ಲದ ಹಾವನ್ನು ಕೊಂಡವನು, ಬದುಕಿ ಬಂದ ಒಂದರ ಬೆಲೆಯೊಂದಿಗೆ ಸತ್ತವುಗಳ ಬೆಲೆಯನ್ನೂ ತೆತ್ತಿರುತ್ತಾನೆ.

ಇನ್ನೊಂದು ಪ್ರಶ್ನೆಯನ್ನು ಹುಡುಗನೇ ಉತ್ತರಿಸಬೇಕು. ಈ ಹಾವು ಚೆನ್ನಾಗಿ ಸಾಕಿದರೆ ಇಪ್ಪತ್ತು ಮೂವತ್ತು ವರ್ಷ ಬಾಳುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ಮೃಗಾಲಯಕ್ಕೆ ೧೯೬೧ರಲ್ಲಿ ಬಂದ ಒಂದು ಹೆಣ್ಣು ಉಂಡೆಹೆಬ್ಬಾವು ೨೦೨೦ರಲ್ಲಿ, ಅರುವತ್ತು ಮೀರಿದ ವಯಸ್ಸಿನಲ್ಲಿ, ಏಳು ಮೊಟ್ಟೆಗಳನ್ನಿಟ್ಟಿತು. ನಾವು ಈಗ ಆ ಪ್ರಾಯದವರು. ನಮ್ಮಿಂದ ಏಣಿ ಹತ್ತುವುದೇ ಕಷ್ಟ! ಮಗನು ಓದು ಮುಗಿಸಿ ಉದ್ಯೋಗಕ್ಕೆಂದು ಪರಸ್ಥಳಕ್ಕೆ ಹೊರಟಾಗ ಹಾವಿನ ಪೆಟ್ಟಿಗೆಯ ಬೀಗದ ಕೈ ಯಾರ ಸೆರಗಿಗೆ ಬೀಳುವುದೆಂಬುದನ್ನು ತಾಯಿಯಾದವರು ಈಗಲೇ ಕೇಳಿಬಿಡುವುದು ಒಳ್ಳೆಯದು. ಬಾಡಿಗೆ ಮನೆಯಾದರೆ ಮಾಲೀಕರಿಗೂ, ಕೆಲಸಕ್ಕೆ ಬರುವ ಹೆಂಗಸಿಗೂ ಮುಂಚಿತವಾಗಿ ತಿಳಿಸತಕ್ಕದ್ದು. ಕಸ ಗುಡಿಸಲು ಬಂದವಳು ಗಾಜಿನ ಹಿಂದೆ ಹಾವನ್ನು ಕಂಡು ಕಿರುಚುವುದು ಅವಳಿಗೂ ಅನ್ಯಾಯ, ಹಾವಿಗೂ ಅನ್ಯಾಯ.

ಈಗ ಮನೆಯ ವಿಷಯಕ್ಕೆ ಬರೋಣ. ಅಮರಸಿಂಹನು ತನ್ನ ಕೋಶದ ಪಾತಾಳಭೋಗಿವರ್ಗದಲ್ಲಿ ಸರ್ಪಕ್ಕೆ ಕೊಟ್ಟಿರುವ ಹೆಸರುಗಳನ್ನು ನಾವು ಎಳೆಯ ವಯಸ್ಸಿನಲ್ಲಿ ಅರ್ಥದ ಗೊಡವೆಯಿಲ್ಲದೆ ಬಾಯಿಪಾಠ ಮಾಡಿದವರು. ಆ ಹೆಸರುಗಳನ್ನೇ ಒಂದೊಂದಾಗಿ ಬಿಡಿಸಿ ನೋಡಿದರೆ ಪೆಟ್ಟಿಗೆ ಮಾಡುವ ಕ್ರಮದ ಬಹುಭಾಗವು ಅವುಗಳಲ್ಲಿಯೇ ಅಡಗಿದೆ.

‘ಬಿಲೇಶಯ’ ಎಂದಿದ್ದಾನೆ, ಬಿಲದಲ್ಲಿ ಮಲಗತಕ್ಕದ್ದು. ಉಂಡೆಹೆಬ್ಬಾವಿಗೆ ಈ ಮಾತು ಅಕ್ಷರಶಃ ಒಪ್ಪುತ್ತದೆ. ಅದು ಹಗಲೆಲ್ಲ ಇಲಿಹೆಗ್ಗಣಗಳ ಬಿಲದಲ್ಲಿಯೋ ಪಾಳು ಹುತ್ತದಲ್ಲಿಯೋ ಅಡಗಿದ್ದು ರಾತ್ರಿ ಹೊರಬರುವ ಪ್ರಾಣಿ. ನಾಲ್ಕು ಕಡೆಯೂ ಗಾಜಿರುವ ಪೆಟ್ಟಿಗೆಯಲ್ಲಿ ಒಂದು ಕೊಂಬೆಯನ್ನು ನಿಲ್ಲಿಸಿ, ಮೇಲೊಂದು ದೀಪವನ್ನು ಹಚ್ಚಿ, ನೆಂಟರಿಷ್ಟರಿಗೆ ಕಾಣುವಂತೆ ಹಜಾರದಲ್ಲಿಡುವುದು ನಮ್ಮ ಕಣ್ಣಿಗೆ ವೈಭವ. ಅದಕ್ಕೆ ಬಟ್ಟಬಯಲಿನಲ್ಲಿ ನಿಲ್ಲಿಸಿದಂತೆ. ಅಡಗಲು ಸ್ಥಳವಿಲ್ಲದ ಹಾವು ದಿಗಿಲಿನಿಂದಲೇ ಆಹಾರವನ್ನು ಬಿಡುತ್ತದೆ. ಆದುದರಿಂದ ಮೂರು ಕಡೆ ಮುಚ್ಚಿದ್ದು ಮುಂದುಗಡೆ ಮಾತ್ರ ಗಾಜಿನ ಬಾಗಿಲಿರುವ ಪೆಟ್ಟಿಗೆ ಉತ್ತಮ. ಬೆಳೆದ ಹಾವಿಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ ಬೇಕು. ಮರಿಗೆ ಇದಕ್ಕಿಂತ ಚಿಕ್ಕದು ಸಾಕು. ಒಳಗೆ ಎರಡು ಗೂಡುಗಳಿರಬೇಕು. ಒಂದು ಬೆಚ್ಚನೆಯ ಕೊನೆಯಲ್ಲಿ, ಇನ್ನೊಂದು ತಂಪಿನ ಕೊನೆಯಲ್ಲಿ. ಒಂದೇ ಗೂಡಿದ್ದರೆ ಹಾವು ಭಯವನ್ನು ನೀಗುವುದೋ ಸೆಕೆಯನ್ನು ನೀಗುವುದೋ ತಿಳಿಯದೆ ಭಯಕ್ಕೇ ಸೋತು ಅಲ್ಲಿಯೇ ಬೇಯುತ್ತದೆ. ಇದಕ್ಕೆ ಹೆಚ್ಚಿನ ವೆಚ್ಚವೇನೂ ಬೇಕಾಗಿಲ್ಲ. ಹೂವಿನ ಗಿಡದ ಮಣ್ಣಿನ ಕುಂಡವನ್ನು ಮಗುಚಿ, ಅಂಚಿನಲ್ಲಿ ಬಾಯಿ ಕೊರೆದು, ಕೊರೆದ ಕಡೆ ಉಜ್ಜಿ ನುಣುಪು ಮಾಡಿದರೆ ತೀರಿತು. ಹಾವು ಸುತ್ತಿ ಮಲಗಿದಾಗ ಅದರ ಮೈ ಗೋಡೆಗೆ ತಾಗುವಷ್ಟು ಇಕ್ಕಟ್ಟಾಗಿದ್ದರೇ ಅದಕ್ಕೆ ಹಿತ.

ಬೆಚ್ಚಗೆ, ತಂಪು ಎಂದೆವಲ್ಲ. ಸಾಕುವವರ ಕಷ್ಟವಿರುವುದು ಇಲ್ಲಿಯೇ. ನಮ್ಮ ದೇಹವು ತನ್ನ ಕಾವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಹಾವಿಗೆ ಆ ಶಕ್ತಿಯಿಲ್ಲ. ಕಾವು ಬೇಕಾದಾಗ ಕಾವಿನ ಕಡೆಗೂ ಸಾಕಾದಾಗ ತಂಪಿನ ಕಡೆಗೂ ಸರಿದು ಅದು ಸಮತೂಕವನ್ನು ಕಾಯುತ್ತದೆ. ಕಾವು ಸಾಲದಿದ್ದರೆ ನುಂಗಿದ ಆಹಾರವು ಜೀರ್ಣವಾಗುವುದೇ ಇಲ್ಲ. ಆದುದರಿಂದ ಪೆಟ್ಟಿಗೆಯ ಒಂದು ಕೊನೆಯಲ್ಲಿ ನೆಲದ ಉಷ್ಣಮಾನವು ೩೧ರಿಂದ ೩೩ ಡಿಗ್ರಿ ಸೆಂಟಿಗ್ರೇಡಿನವರೆಗೆ, ಇನ್ನೊಂದು ಕೊನೆಯಲ್ಲಿ ೨೫ರಿಂದ ೨೭ರವರೆಗೆ ಇರಬೇಕು. ರಾತ್ರಿಯಲ್ಲಿಯೂ ೨೪ಕ್ಕಿಂತ ಕೆಳಗಿಳಿಯಬಾರದು.

ಬೆಂಗಳೂರಿನ ಹವೆಯು ತಂಪೆಂಬುದು ನಮಗೆ ಹೆಮ್ಮೆ. ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರು ಎತ್ತರದಲ್ಲಿರುವ ಈ ಊರಿನಲ್ಲಿ ಧನುರ್ಮಾಸದ ರಾತ್ರಿಗಳು ೧೫ ಡಿಗ್ರಿಗೆ ಇಳಿಯುವುದು ಸಾಧಾರಣ. ಹುಗ್ಗಿಯ ಪ್ರಸಾದಕ್ಕೆಂದು ಬೆಳಗಿನ ಜಾವ ಶಾಲು ಹೊದ್ದು ಹೊರಡುವ ನಮಗೆ ಹಿತವಾದ ಆ ಚಳಿಯು ಆಫ್ರಿಕದ ಈ ಅತಿಥಿಗೆ ರೋಗವನ್ನು ತರುತ್ತದೆ. ಉಸಿರಿನಲ್ಲಿ ಗೊರಗೊರ ಶಬ್ದ, ಬಾಯಂಚಿನಲ್ಲಿ ಗುಳ್ಳೆ ಕಂಡರೆ ಶ್ವಾಸಕೋಶಕ್ಕೆ ಶೀತ ತಗಲಿತೆಂದೇ ತಿಳಿದು ಪಶುವೈದ್ಯರಲ್ಲಿಗೆ ಹೋಗಬೇಕು. ಬೇಸಗೆಯಲ್ಲಿ ಕಷ್ಟವು ತಿರುಗುಮುರುಗು. ೨೦೧೬ರ ಏಪ್ರಿಲಿನಲ್ಲಿ ನಮ್ಮ ನಗರದ ಉಷ್ಣಮಾನವು ೩೯.೨ ಡಿಗ್ರಿಗೆ ಏರಿತ್ತು. ತಾರಸಿಯ ಕೆಳಗಿನ ಕೋಣೆ, ಪಡುವಣ ಗೋಡೆಯ ಮಗ್ಗುಲು, ಬಿಸಿಲು ಬೀಳುವ ಕಿಟಕಿ ಇವು ಮೂರೂ ಪೆಟ್ಟಿಗೆಗೆ ವರ್ಜ್ಯ. ಬಿಸಿಲಿನಲ್ಲಿಟ್ಟ ಗಾಜಿನ ಪೆಟ್ಟಿಗೆಯು ಗಳಿಗೆಯೊಳಗೆ ಒಲೆಯಾಗುತ್ತದೆ.

ಕಾವು ಕೊಡುವುದಕ್ಕೆ ‘ಹೀಟ್ ಮ್ಯಾಟ್’ ಎಂಬ ವಿದ್ಯುತ್ತಿನ ಬಿಸಿಚಾಪೆಗಳು ಸಿಗುತ್ತವೆ. ಅದನ್ನು ಪೆಟ್ಟಿಗೆಯ ಒಂದು ಕೊನೆಯ ತಳಕ್ಕೆ ಹೊರಗಡೆಯಿಂದ ಅಂಟಿಸತಕ್ಕದ್ದು. ಚಾಪೆಯ ಬೆಲೆಯನ್ನು ಕೊಟ್ಟು ಅದರ ಜೊತೆಗಿರಬೇಕಾದ ‘ಥರ್ಮೋಸ್ಟಾಟ್’ ಎಂಬ ಉಷ್ಣನಿಯಾಮಕದ ಬೆಲೆಗೆ ಹಿಂದೆಗೆಯುವವರಿದ್ದಾರೆ. ಅವರು ಹಾವನ್ನೇ ಸಾಕದಿರುವುದು ಮೇಲು. ಏಕೆಂದರೆ ಹಾವು ‘ಉರಗ’. ಎದೆಯ ಮೇಲೆ ನಡೆಯತಕ್ಕದ್ದು. ಅದರ ಮೈಯೆಲ್ಲ ನೆಲಕ್ಕೆ ತಾಗಿರುತ್ತದೆ, ಮತ್ತು ಅತಿಯಾದ ಬಿಸಿಯಿಂದ ಹೊಟ್ಟೆಯ ಚರ್ಮ ಸುಡುತ್ತಿದ್ದರೂ ಅದು ಎಷ್ಟೋ ವೇಳೆ ಅಲ್ಲಿಂದ ಏಳುವುದಿಲ್ಲ. ನಿಯಾಮಕವಿಲ್ಲದ ಚಾಪೆಯಿಂದ ಸುಟ್ಟ ಗಾಯಗಳೇ ಸಾಕಿದ ಹಾವುಗಳಿಗೆ ಬರುವ ಕೇಡುಗಳಲ್ಲಿ ದೊಡ್ಡದು. ವಿದ್ಯುತ್ತು ಹೋಗುವ ಕಾಲಕ್ಕೆ, ಮನೆಯಲ್ಲಿ ಯುಪಿಎಸ್ ಇದ್ದರೆ ಆ ಸಾಲಿಗೆ ಚಾಪೆಯನ್ನು ಸೇರಿಸಬಹುದು, ಅದು ಎಳೆಯುವುದು ಸ್ವಲ್ಪ. ಇಲ್ಲದಿದ್ದರೆ ಬಿಸಿನೀರಿನ ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಹೊರಮಗ್ಗುಲಿಗೆ ಆನಿಸಿ, ಗಾಳಿಗೆ ಎಡೆಬಿಟ್ಟು ಕಂಬಳಿ ಹೊದಿಸುವುದು.

ಅಮರಸಿಂಹನು ‘ಗೂಢಪಾದ್’ ಎಂದೂ ಹೇಳಿದ್ದಾನೆ, ಅಡಗಿದ ಕಾಲುಳ್ಳದ್ದೆಂದು. ಇದು ಪೆಟ್ಟಿಗೆಗೆ ಸಂಬಂಧಪಟ್ಟ ಮಾತಲ್ಲ. ಆದರೂ ಬರೆಯದೆ ಇರಲಾರೆವು. ಹೆಬ್ಬಾವಿನ ಬಾಲದ ಬುಡದಲ್ಲಿ ಗುದದ್ವಾರದ ಎರಡು ಮಗ್ಗುಲಿಗೂ ಪುಟ್ಟ ಉಗುರಿನಂತಹವು ಉಂಟು. ಅವು ಬಹು ಹಿಂದಿನ ಹಿಂಗಾಲುಗಳ ಅವಶೇಷ. ಮಕ್ಕಳಿಗೆ ತೋರಿಸಲು ಯೋಗ್ಯವಾದ ಸಂಗತಿ.

‘ಚಕ್ಷುಃಶ್ರವ’ ಎಂಬ ಹೆಸರನ್ನು ಮಾತ್ರ ಹಾಗೆಯೇ ಒಪ್ಪಲಾಗುವುದಿಲ್ಲ. ಹಾವು ಕಣ್ಣಿನಿಂದ ಕೇಳುವುದಿಲ್ಲ. ಅದಕ್ಕೆ ಹೊರಕಿವಿಯೂ ಕಿವಿತಮ್ಮಟೆಯೂ ಇಲ್ಲವೆಂಬುದು ನಿಜ. ಒಳಕಿವಿಯುಂಟು, ನೆಲದ ಅದುರು ದವಡೆಯೆಲುಬಿನ ಮೂಲಕ ಅಲ್ಲಿಗೆ ಮುಟ್ಟುತ್ತದೆ. ಆದುದರಿಂದ ಬಟ್ಟೆ ಒಗೆಯುವ ಯಂತ್ರ, ರುಬ್ಬುವ ಯಂತ್ರ, ದಡಾರನೆ ಹಾಕುವ ಬಾಗಿಲು ಇವುಗಳ ನೆರೆಯಲ್ಲಿ ಪೆಟ್ಟಿಗೆಯನ್ನು ಇಡಬಾರದು. ಗಣಪತಿಯನ್ನು ಬಿಡುವ ದಿನ ಬೀದಿಯಲ್ಲಿ ತಮಟೆ ಮೊಳಗುವಾಗ ನಾವು ಏನು ಮಾಡಲಾದೀತು? ಒಳಗಿನ ಕೋಣೆಗೆ ಸರಿಸಿ, ಅಂದು ಅದನ್ನು ಮುಟ್ಟದೆ ಬಿಡುವುದು.

ಪೆಟ್ಟಿಗೆಯ ತಳಕ್ಕೆ ಸಸಿ ಮಾರುವವರಲ್ಲಿ ಸಿಗುವ ತೆಂಗಿನ ನಾರಿನ ಪುಡಿಯನ್ನು ಹಾಸುವುದು ಒಳ್ಳೆಯದು. ದೇವದಾರುವಿನ ಹೊಟ್ಟು ಕೂಡದು. ಅದರ ಎಣ್ಣೆಯ ಗಂಧ ಹಾವಿನ ಶ್ವಾಸಕೋಶಕ್ಕೆ ಹಾನಿ. ಹೊಸ ಹಾವು ಬಂದ ಮೊದಲ ತಿಂಗಳು ಹಳೆಯ ವೃತ್ತಪತ್ರಿಕೆಯೇ ಸಾಕು. ಮಲವೂ, ಉಣ್ಣೆಯಂತಹ ಹುಳುಗಳೂ ಬಿಳಿಯ ಕಾಗದದ ಮೇಲೆ ಬೇಗ ಕಾಣುತ್ತವೆ. ನೀರಿಗೆ ಉರುಳದಂತಹ ಸಣ್ಣ ಕಲ್ಲುಮರಿಗೆಯನ್ನಿಟ್ಟು ದಿನವೂ ನೀರನ್ನು ಬದಲಾಯಿಸಬೇಕು. ಗಾಳಿಯ ತೇವವು ನೂರಕ್ಕೆ ೫೫ರಿಂದ ೬೫ರವರೆಗೆ ಇರಬೇಕು. ಮಳೆಗಾಲದಲ್ಲಿ ಇದು ತಾನಾಗಿ ಒದಗುತ್ತದೆ. ಶಿವರಾತ್ರಿಯಿಂದ ಯುಗಾದಿಯವರೆಗಿನ ಒಣಹವೆಯಲ್ಲಿ ಹಾಸನ್ನು ಆಗಾಗ ನೀರು ಚಿಮುಕಿಸಿ ನೆನೆಸಬೇಕು. ತೇವ ಸಾಲದಿದ್ದರೆ ಪೊರೆಯು ಒಂದೇ ಚೀಲವಾಗಿ ಕಳಚದೆ ಚೂರುಚೂರಾಗುತ್ತದೆ, ಕಣ್ಣಿನ ಮೇಲಿನ ಪೊರೆ ಉಳಿದುಬಿಡುತ್ತದೆ. ಪೆಟ್ಟಿಗೆಗೆ ಬೀಗವಿರಲಿ. ತಲೆ ತೂರುವಷ್ಟು ಸಂದಿದ್ದರೆ ಮೈ ತೂರಿತೆಂದೇ ಲೆಕ್ಕ.

ಇನ್ನು ಆಹಾರ. ಹಾವು ಇಲಿಯನ್ನು ತಿನ್ನುತ್ತದೆ; ಇಲಿಯನ್ನೇ ತಿನ್ನುತ್ತದೆ. ಹಾಲು, ಮೊಸರು, ಅನ್ನ ಇವುಗಳಿಂದ ಅದನ್ನು ಬದುಕಿಸಲಾಗದು. ಹಾಲು ಅದರ ಆಹಾರವಲ್ಲ. ಬಾಯಾರಿ ಬೇರೆ ಗತಿಯಿಲ್ಲದ ಹಾವು ಮಾತ್ರ ಅದನ್ನು ಕುಡಿದೀತು, ಕುಡಿದರೆ ಕೆಡುಕು. ಪಂಚಮಿಯ ತನಿಯು ಕಲ್ಲಿಗೇ ಸಲ್ಲಲಿ. ಹಾವಿನ ಮೈಯ ದಪ್ಪಕ್ಕೆ ಸಮನಾದ ಇಲಿಯನ್ನು ಮರಿಗೆ ವಾರಕ್ಕೊಮ್ಮೆ, ಬೆಳೆದದ್ದಕ್ಕೆ ಎರಡು ಮೂರು ವಾರಗಳಿಗೊಮ್ಮೆ ಕೊಡುವುದು ವಾಡಿಕೆ. ಜೀವಂತ ಇಲಿಯನ್ನು ಒಳಗೆ ಬಿಡಕೂಡದು. ಹಸಿವಿಲ್ಲದ ಹಾವನ್ನು ಇಲಿಯೇ ಕಡಿದು ಗಾಯಮಾಡಿದ ಉದಾಹರಣೆಗಳು ಬೇಕಾದಷ್ಟಿವೆ. ಮೊದಲೇ ಕೊಂದು ಹಿಮದಂತೆ ಗಟ್ಟಿಮಾಡಿಟ್ಟ ಇಲಿಯನ್ನು ಕರಗಿಸಿ, ಚೀಲದೊಳಗಿಟ್ಟು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಚಿಮಟದಿಂದ ಹಿಡಿದು ಕೊಡಬೇಕು.

ಶಾಕಾಹಾರಿಗಳ ಮನೆಗಳಲ್ಲಿ ವಿಷಮಿಸುವುದು ಇದೇ ಸ್ಥಳದಲ್ಲಿ. ಹಾವನ್ನು ಒಪ್ಪಿದ ಮನೆಯವರು ಮೊಸರಿನ ಪಾತ್ರೆಯ ಮಗ್ಗುಲಲ್ಲಿ ಇಲಿಯನ್ನು ಕಂಡ ದಿನ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಇದಕ್ಕೆ ಪ್ರತ್ಯೇಕವಾದ ಸಣ್ಣ ತಂಪುಪೆಟ್ಟಿಗೆಯನ್ನು ಹುಡುಗನ ಕೋಣೆಯಲ್ಲಿ ಇಡಲು ಆಗುವುದೋ ಇಲ್ಲವೋ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳತಕ್ಕದ್ದು. ಆಗದೆಂದರೆ ಮಾತು ಅಲ್ಲಿಗೆ ಮುಗಿಯಿತು. ಹುಡುಗನನ್ನು ಬನ್ನೇರುಘಟ್ಟದ ಉದ್ಯಾನದಲ್ಲಿರುವ ಹಾವುಗಳನ್ನು ತೋರಿಸಿಕೊಂಡು ಬರಬಹುದು. ಮನೆಯವರ ಆಚಾರಕ್ಕಾಗಿ ಹಾವನ್ನು ಉಪವಾಸ ಕೆಡವುವುದು ಮಾತ್ರ ಯಾವ ಆಚಾರವೂ ಅಲ್ಲ. ಪಾತ್ರೆ, ಚಿಮಟ, ಮರಿಗೆ ಇವನ್ನು ಅಡುಗೆಮನೆಯಲ್ಲಿ ತೊಳೆಯಬಾರದೆಂಬುದಕ್ಕೆ ಮಡಿಯಲ್ಲದೆ ಬೇರೆ ಕಾರಣವೂ ಉಂಟು: ಉರಗಗಳ ಮೈಯಲ್ಲಿ ‘ಸಾಲ್ಮೊನೆಲ್ಲ’ ಎಂಬ, ಭೇದಿಯನ್ನು ತರುವ ಕ್ರಿಮಿಗಳಿರುತ್ತವೆ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಐದು ವರ್ಷದೊಳಗಿನ ಮಕ್ಕಳೂ ಗರ್ಭಿಣಿಯರೂ ವೃದ್ಧರೂ ಮುಟ್ಟದಿರುವುದು ಕ್ಷೇಮ.

ನಮ್ಮ ಹಿರಿಯರು ಹಾವನ್ನು ‘ಪವನಾಶನ’ ಎಂದರು, ಗಾಳಿಯನ್ನು ತಿಂದು ಬದುಕತಕ್ಕದ್ದೆಂದು. ಹಾಗೆ ತೋರಿದ್ದಕ್ಕೆ ಕಾರಣವುಂಟು. ಉಂಡೆಹೆಬ್ಬಾವು ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ಏನನ್ನೂ ಮುಟ್ಟದೆ ಇರುವುದುಂಟು. ಆಗ ಗಾಬರಿಯಿಂದ ಬಾಯಿಬಿಡಿಸಿ ತುರುಕಬಾರದು. ಉಷ್ಣಮಾನ, ತೇವ, ಗೂಡು ಇವು ಸರಿಯಾಗಿವೆಯೇ ಎಂದು ನೋಡಿ, ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಬೇಕು. ತೂಕ ನಿಂತಿದ್ದರೆ ಕಾಯುವುದು, ಇಳಿಯುತ್ತಿದ್ದರೆ ವೈದ್ಯರನ್ನು ಕಾಣುವುದು. ಎಲ್ಲ ನಾಯಿಬೆಕ್ಕಿನ ವೈದ್ಯರೂ ಹಾವನ್ನು ನೋಡಲಾರರು; ನೋಡಬಲ್ಲವರನ್ನು ಹಾವು ಬರುವುದಕ್ಕೆ ಮುಂಚೆಯೇ ವಿಚಾರಿಸಿಟ್ಟುಕೊಳ್ಳಬೇಕು.

ಪೆಟ್ಟಿಗೆ ಸಿದ್ಧವಾದ ಮೇಲೆ ಒಂದು ವಾರ ಅದನ್ನು ಬರಿದಾಗಿಯೇ ನಡೆಸಿ, ಎರಡು ಕೊನೆಗಳಲ್ಲಿಯೂ ಉಷ್ಣಮಾಪಕವನ್ನಿಟ್ಟು, ಬೆಳಗ್ಗೆ ಮಧ್ಯಾಹ್ನ ನಡುರಾತ್ರಿ ಅಂಕೆಗಳನ್ನು ಬರೆದುಕೊಳ್ಳುವ ಕೆಲಸವನ್ನು ಹುಡುಗನಿಗೇ ವಹಿಸಬೇಕು. ನಡುರಾತ್ರಿಯ ಅಂಕೆಗಳನ್ನು ಏಳು ದಿನ ತಪ್ಪದೆ ಬರೆದವನು ಹಾವನ್ನು ಸಾಕಬಲ್ಲನು. ಎರಡನೆಯ ದಿನವೇ ನಿದ್ದೆ ಮಾಡಿದವನ ಮಾತು ಬೇರೆ. ಹಾವು ಬಂದ ಮೇಲೆ ಮೊದಲ ಒಂದು ವಾರ ಅದನ್ನು ಮುಟ್ಟಲೂಬಾರದು, ನೆರೆಹೊರೆಯವರಿಗೆ ತೋರಿಸಲೂಬಾರದು. ಆಮೇಲೆ ಆಹಾರ, ಎರಡು ಮೂರು ಸಲ ಸರಿಯಾಗಿ ತಿಂದ ಮೇಲೆ ಕೈಗೆ ತೆಗೆದುಕೊಳ್ಳುವುದು. ತಿಂದ ಎರಡು ದಿನವೂ, ಕಣ್ಣು ನೀಲಿ ಮಬ್ಬಾಗಿ ಪೊರೆ ಬಿಡುವ ಕಾಲದಲ್ಲಿಯೂ ಕೈ ದೂರವಿರಲಿ.

ಇಷ್ಟಾಗಿಯೂ ಸಾಕಲಾರದೆ ಹೋದರೆ ಏನು ಮಾಡತಕ್ಕದ್ದು? ಪ್ರಾಣಿಗೆ ಸ್ವಾತಂತ್ರ್ಯ ಕೊಟ್ಟ ಪುಣ್ಯ ಬರಲೆಂದು ತುರಹಳ್ಳಿಯ ಕಾಡಿನಲ್ಲಿಯೋ ಸಾರಕ್ಕಿ ಕೆರೆಯ ಏರಿಯ ಮೇಲೆಯೋ ಬಿಟ್ಟುಬರುವ ಯೋಚನೆ ಕೆಲವರಿಗೆ ಬರುತ್ತದೆ. ಅದರಿಂದ ಪುಣ್ಯವಿಲ್ಲ. ಪೆಟ್ಟಿಗೆಯಲ್ಲಿ ಹುಟ್ಟಿ ಬೆಳೆದ ಹಾವು ಮಾಗಿಯ ಚಳಿಗೋ ಹದ್ದಿಗೋ ಬಲಿಯಾದೀತು. ಬದುಕಿದರೆ ತನ್ನ ರೋಗವನ್ನೂ ಹುಳುಗಳನ್ನೂ ಇಲ್ಲಿಯ ಹಾವುಗಳಿಗೆ ಅಂಟಿಸೀತು. ಅಮೆರಿಕದ ಫ್ಲಾರಿಡ ಪ್ರಾಂತದಲ್ಲಿ ಜನರು ಸಾಕಿ ಬಿಟ್ಟ, ಅಥವಾ ತಪ್ಪಿಸಿಕೊಂಡ ಬರ್ಮಾದೇಶದ ಹೆಬ್ಬಾವುಗಳು ಜೌಗುಕಾಡಿನಲ್ಲಿ ಹಬ್ಬಿ ಅಲ್ಲಿಯ ಮೊಲ, ರಕೂನ್ ಮುಂತಾದ ಪ್ರಾಣಿಗಳನ್ನು ಬಹುಮಟ್ಟಿಗೆ ಬರಿದುಮಾಡಿವೆ. ಇಟ್ಟುಕೊಳ್ಳಲಾಗದವರು ಅರಣ್ಯ ಇಲಾಖೆಗೆ ತಿಳಿಸಿ, ಕಾಯಿದೆಯ ಪ್ರಕಾರ ಪಡೆಯಬಲ್ಲ ಮತ್ತೊಬ್ಬರಿಗೆ ವಹಿಸಬೇಕು. ಹಾವು ಕೈ ಬದಲಾಯಿಸಿದರೂ, ಮೊಟ್ಟೆಯೊಡೆದು ಮರಿಯಾದರೂ, ಸತ್ತರೂ ಅದನ್ನು ನೋಂದಾಯಿಸಿದ ಕಡೆಯಲ್ಲಿಯೇ ವರದಿ ಮಾಡತಕ್ಕದ್ದು. ಆ ಕಾಗದಗಳನ್ನು ಮನೆಯ ಕಂದಾಯದ ರಸೀತಿಗಳ ಜೊತೆಯಲ್ಲಿಯೇ ಕಟ್ಟಿಡುವುದು ಅನುಕೂಲ.